ಮಲೆನಾಡಿನ ಶಾಲೆಗೆ ಹೋಗಿ ವಿಜ್ಞಾನ ಮಾಡಿಸುವುದು ಹೇಗೆ: ಒಬ್ಬ ವೈಂಡಿಂಗ್ ಅಂಗಡಿಯವನ ಮಾತು

ತೀರ್ಥಹಳ್ಳಿಯಲ್ಲಿ ನನ್ನದೊಂದು ಮೋಟಾರ್ ವೈಂಡಿಂಗ್ ಅಂಗಡಿ ಇದೆ. ಓದಿದ್ದು ಐಟಿಐ, ಎಲೆಕ್ಟ್ರಿಷಿಯನ್ ಟ್ರೇಡ್. ಬೇಸಿಗೆಯಲ್ಲಿ ವೋಲ್ಟೇಜ್ ಇಲ್ಲದೆ ಸುಟ್ಟ ತೋಟದ ಪಂಪುಗಳು ಅಂಗಡಿ ಮುಂದೆ ಸಾಲಾಗಿ ಬಂದು ಕೂರುತ್ತವೆ. ಆಗ ಊಟಕ್ಕೂ ಪುರುಸೊತ್ತಿಲ್ಲ. ಮಳೆ ಹಿಡಿದ ಮೇಲೆ ಪಂಪು ಯಾರಿಗೆ ಬೇಕು? ಜೂನ್ ನಂತರ ಶನಿವಾರ ಬೆಳಿಗ್ಗೆ ಬಾಗಿಲು ಹಾಕಿದರೂ ಕೇಳುವವರಿಲ್ಲ. ಆ ಹೊತ್ತಿಗೆ ಸುತ್ತಮುತ್ತಲಿನ ಸರ್ಕಾರಿ ಶಾಲೆಗಳಿಗೆ ಹೋಗಿ ಮಕ್ಕಳ ಕೈಯಲ್ಲಿ ಏನಾದರೂ ಮಾಡಿಸಿ ಬರುತ್ತೇನೆ. "ನಾವೂ ಹೋಗಬಹುದಾ, ಎಂತ ಮಾಡಬೇಕು?" ಅಂತ ಕೇಳುವವರು ಈಗೀಗ ಜಾಸ್ತಿ. ಬೆಂಗಳೂರಿನ ಕೆಲಸವನ್ನು ಊರಲ್ಲೇ ಕೂತು ಮಾಡುವ ಹುಡುಗರು, ರಿಟೈರ್ ಆದ ಬ್ಯಾಂಕಿನವರು, ಬಿಎಸ್ಸಿ ಮುಗಿಸಿ ಮನೆಯಲ್ಲಿರುವ ಹೆಣ್ಣುಮಕ್ಕಳು. ಅವರಿಗೆಲ್ಲ ಫೋನಿನಲ್ಲಿ ಹೇಳುವುದನ್ನೇ ಇಲ್ಲಿ ಬರೆದಿದ್ದೇನೆ.

ಮೊದಲೇ ಒಂದು ಮಾತು. ಮಕ್ಕಳಿಗೆ ಪ್ರಯೋಗ ತೋರಿಸಿ ಬರೋಣ ಅಂತ ಹೊರಟಿದ್ದರೆ ಸ್ವಲ್ಪ ನಿಲ್ಲಿ. ಬಲೂನು ಢಂ ಅನಿಸಿ, ನೀರಿನ ಬಣ್ಣ ಬದಲಾಯಿಸಿ ಚಪ್ಪಾಳೆ ಹೊಡೆಸಿಕೊಂಡು ಬರುವುದು ಸುಲಭ. ಅದನ್ನು ಮೊಬೈಲೂ ತೋರಿಸುತ್ತದೆ, ನಮಗಿಂತ ಚೆನ್ನಾಗಿಯೇ. ಮೊಬೈಲಿಗೆ ಆಗದ ಕೆಲಸ ಯಾವುದು ಅಂದರೆ, ಮಗುವಿನ ಕೈಗೆ ಸಾಮಾನು ಕೊಡುವುದು. ಕೆಡಿಸಲು ಬಿಡುವುದು. ಕೆಟ್ಟದ್ದನ್ನು ಅದೇ ಸರಿ ಮಾಡಿಕೊಳ್ಳುವ ತನಕ ಸುಮ್ನೆ ನಿಂತಿರುವುದು. ಈ ಮೂರನೆಯದು ಬಹಳ ಕಷ್ಟ.

ಶಾಲೆಗೆ ಕಾಲಿಡುವ ಮೊದಲು

ನೇರವಾಗಿ ಕ್ಲಾಸಿಗೆ ನುಗ್ಗುವ ಹಾಗಿಲ್ಲ. ಮೊದಲು ಎಚ್‌ಎಂ (ಮುಖ್ಯ ಶಿಕ್ಷಕರು) ಅವರನ್ನು ಕಂಡು ಮಾತಾಡಿ. ಹೆಚ್ಚಿನವರು "ನಮ್ಮದೇನೂ ಅಡ್ಡಿ ಇಲ್ಲ, ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಆಫೀಸಿನಿಂದ ಒಂದು ಪರ್ಮಿಶನ್ ತಂದುಬಿಡಿ" ಅನ್ನುತ್ತಾರೆ. ಅವರು ಹಾಗೆ ಹೇಳುವುದು ಸರಿಯೇ, ಹೊರಗಿನವರು ಮಕ್ಕಳ ಹತ್ತಿರ ಬರುತ್ತಾರೆಂದರೆ ಕೇಳಲೇಬೇಕು. ಒಂದು ಪುಟದ ಅರ್ಜಿ ಸಾಕು. ನಿಮ್ಮ ಹೆಸರು, ವಿಳಾಸ, ಯಾವ ಶಾಲೆ, ಯಾವ ತರಗತಿ, ಏನು ಮಾಡಿಸುತ್ತೀರಿ, ಸಾಮಾನು ಯಾವುದು, ದುಡ್ಡು ತೆಗೆದುಕೊಳ್ಳುವುದಿಲ್ಲ, ಏನನ್ನೂ ಮಾರುವುದಿಲ್ಲ. ಗುರುತಿನ ಚೀಟಿಯ ಜೆರಾಕ್ಸ್ ಒಂದು ಹಚ್ಚಿ. ಕ್ಲಸ್ಟರಿನ ಸಿಆರ್‌ಪಿ (ಆ ಸುತ್ತಿನ ಶಾಲೆಗಳ ಸಂಪನ್ಮೂಲ ವ್ಯಕ್ತಿ) ಅವರ ಪರಿಚಯ ಮಾಡಿಕೊಂಡರೆ ಅರ್ಧ ಕೆಲಸ ಮುಗಿದಂತೆ. ಯಾವ ಶಾಲೆಯಲ್ಲಿ ಎಷ್ಟು ಮಕ್ಕಳು, ಯಾವ ಟೀಚರಿಗೆ ಇಂಥದ್ದರಲ್ಲಿ ಆಸಕ್ತಿ ಅನ್ನುವುದೆಲ್ಲ ಅವರಿಗೆ ಬಾಯಿಪಾಠ. ಎಸ್‌ಡಿಎಂಸಿ (ಶಾಲಾಭಿವೃದ್ಧಿ ಸಮಿತಿ) ಅಧ್ಯಕ್ಷರಿಗೂ ಒಂದು ಮಾತು ಹಾಕಿ. ನನಗೆ ಆ ವಿಷಯದಲ್ಲಿ ಅನುಕೂಲ. ಅವರ ತೋಟದ ಮೋಟಾರು ಎಂದಾದರೂ ನನ್ನ ಅಂಗಡಿಗೆ ಬಂದೇ ಇರುತ್ತದೆ.

ಶನಿವಾರ ಬೆಳಗಿನ ಶಾಲೆ, ಮಧ್ಯಾಹ್ನದ ಹೊತ್ತಿಗೆ ಬಿಡುತ್ತದೆ. ಬೆಲ್ಲಿನ ಹಂಗಿಲ್ಲದೆ ಒಂದೂವರೆ ಗಂಟೆ ಸಿಕ್ಕಿದರೆ ಅದಕ್ಕಿಂತ ಒಳ್ಳೆಯದಿಲ್ಲ. ಇನ್ನು ತಿಂಗಳು ನೋಡಿಕೊಳ್ಳಿ. ಜೂನ್ ಮೊದಲರ್ಧ ದಾಖಲಾತಿ, ಪುಸ್ತಕ, ಯೂನಿಫಾರಂ ಗಡಿಬಿಡಿ. ಆಗಸ್ಟ್ ಮೊದಲೆರಡು ವಾರ ಹದಿನೈದರ ತಯಾರಿ. ನಡುವೆ ಕ್ರೀಡಾಕೂಟ, ಪ್ರತಿಭಾ ಕಾರಂಜಿ. ಆಮೇಲೆ ದಸರಾ ರಜೆ. ಫೆಬ್ರವರಿ ನಂತರ ಪರೀಕ್ಷೆಯ ಗಾಳಿ. ಜುಲೈ, ಆಗಸ್ಟ್ ಕೊನೆ, ನವೆಂಬರ್, ಡಿಸೆಂಬರ್ ಸಿಕ್ಕರೆ ಒಳ್ಳೆಯದು. ಜುಲೈನಲ್ಲಿ ಒಂದೇ ತಾಪತ್ರಯ: ಬೆಳಿಗ್ಗೆ ಆರು ಗಂಟೆಗೆ ಮಳೆ ರಜೆ ಘೋಷಣೆಯಾದರೆ ಬ್ಯಾಗು ಬಿಚ್ಚಿ ಒಳಗಿಡುವುದು. ಫೆಬ್ರವರಿ 28ಕ್ಕೆ ಎಲ್ಲ ಕಡೆಯಿಂದ ಕರೆ ಬರುತ್ತದೆ. 1928ರಲ್ಲಿ ಸಿ.ವಿ. ರಾಮನ್ ಅವರ ಶೋಧ ನಡೆದ ದಿನ, ರಾಷ್ಟ್ರೀಯ ವಿಜ್ಞಾನ ದಿನ. ಆ ದಿನ ಶಾಲು, ಮೈಕು, ಭಾಷಣ ಇರುತ್ತದೆ. ಮಕ್ಕಳ ಕೈಗೆ ಸಾಮಾನು ಕೊಡಲು ಹೊತ್ತು ಉಳಿಯುವುದಿಲ್ಲ. ಕರೆದರೆ ಹೋಗಿ, ಬೇಡ ಅನ್ನುವುದಿಲ್ಲ. ಆದರೆ ಅದೇ ಶಾಲೆಗೆ ನವೆಂಬರಿನಲ್ಲೂ ಒಂದು ಶನಿವಾರ ಕೇಳಿಕೊಳ್ಳಿ.

ಶಾಲೆಯಲ್ಲಿ ವಿಜ್ಞಾನದ ಸಾಮಾನು ಇಲ್ಲವೇ ಇಲ್ಲ ಅಂದುಕೊಂಡು ಹೋಗಬೇಡಿ. ಎಷ್ಟೋ ಕಡೆ ಬೀರು ತುಂಬ ಇರುತ್ತದೆ. ಮೈಕ್ರೋಸ್ಕೋಪು, ಲೆನ್ಸು, ಬೀಕರು, ಎಲ್ಲಾ. ಬೀಗ ತೆಗೆಯುವುದಿಲ್ಲ ಅಷ್ಟೇ. ಟೀಚರ್ ಸೋಮಾರಿ ಅಂತ ತೀರ್ಮಾನ ಮಾಡುವ ಮೊದಲು ಕಾರಣ ಕೇಳಿ. ಸ್ಟಾಕ್ ರಿಜಿಸ್ಟರಿನಲ್ಲಿ ಎಂಟು ಬೀಕರ್ ಅಂತ ಬರೆದಿದ್ದರೆ ಚಾರ್ಜು ಬಿಟ್ಟುಕೊಡುವ ದಿನ ಎಂಟೂ ಇರಬೇಕು. ಒಡೆದರೆ ಲೆಕ್ಕ ಕೊಡುವವರು ಅವರೇ, ನೀವಲ್ಲ. ಹಾಗಾಗಿ ನಾನು ಒಡೆದರೂ ಯಾರೂ ಲೆಕ್ಕ ಕೇಳದ ಸಾಮಾನನ್ನೇ ಒಯ್ಯುತ್ತೇನೆ: ತಂತಿ ತುಂಡು, ಹಳೆ ಬಾಟಲಿ, ಸೇಫ್ಟಿ ಪಿನ್ನು. ಎರಡು ಮೂರು ಸಲ ಹೋದ ಮೇಲೆ ಬೀರುವಿನ ಬೀಗ ತಾನಾಗಿ ತೆರೆದದ್ದೂ ಉಂಟು.

ಒಂದು ಸಲಕ್ಕೆ ಒಂದೇ ಕೆಲಸ

ಹೊಸಬರು ಹತ್ತು ಪ್ರಯೋಗದ ಪಟ್ಟಿ ಹಿಡಿದು ಬರುತ್ತಾರೆ. ಒಂದು ಬೆಳಿಗ್ಗೆಗೆ ಒಂದೇ ಸಾಕು. ಅದೂ ಪ್ರತಿ ಇಬ್ಬರಿಗೆ ಒಂದು ಸೆಟ್ ಇರಬೇಕು. ಐದಾರು ಜನಕ್ಕೆ ಒಂದು ಅಂತ ಕೊಟ್ಟರೆ ಮುಂದಿರುವ ಹುಡುಗ ಕಿತ್ತುಕೊಳ್ಳುತ್ತಾನೆ, ಹುಡುಗಿಯರು ಹಿಂದೆ ನಿಂತು ಇಣುಕುತ್ತಾರೆ. ಸಾಮಾನನ್ನು ಮೊದಲು ಹಿಂದಿನ ಸಾಲಿನಿಂದ ಹಂಚಿ. ನಮ್ಮ ಕಡೆಯ ಕಿರಿಯ ಪ್ರಾಥಮಿಕ ಶಾಲೆಗಳಲ್ಲಿ ಹತ್ತು ಮಕ್ಕಳಿದ್ದರೆ ಹೆಚ್ಚು, ಅಲ್ಲಿ ಒಬ್ಬೊಬ್ಬರಿಗೂ ಕೊಡಬಹುದು. ಒಂದರಿಂದ ಐದರವರೆಗೆ ಒಟ್ಟಿಗೇ ಕೂತಿರುತ್ತಾರೆ, ದೊಡ್ಡದರ ಜೊತೆ ಚಿಕ್ಕದನ್ನು ಜೋಡಿ ಮಾಡಿ ಕೂರಿಸಿ.

ನನ್ನ ಕಸುಬಿನದ್ದೇ ಉದಾಹರಣೆ ಕೊಡುತ್ತೇನೆ. ಆರು, ಏಳನೇ ಕ್ಲಾಸಿನಿಂದ ಮೇಲಿನವರಿಗೆ ಮೋಟಾರು ಮಾಡಿಸುವುದು. ಇದು ನನ್ನ ಕಂಡುಹಿಡಿತವಲ್ಲ. ಐಐಟಿ ಕಾನ್ಪುರದಲ್ಲಿ ಓದಿ, ಜೀವಮಾನವಿಡೀ ಕಸದಿಂದ ವಿಜ್ಞಾನದ ಆಟಿಕೆ ಮಾಡಿದ ಅರವಿಂದ ಗುಪ್ತ ಇದನ್ನು ದೇಶಕ್ಕೆಲ್ಲ ಹಂಚಿದ್ದಾರೆ. 1972ರಲ್ಲಿ ಮಧ್ಯಪ್ರದೇಶದ ಹೋಶಂಗಾಬಾದ್ ಜಿಲ್ಲೆಯ 16 ಹಳ್ಳಿ ಶಾಲೆಗಳಲ್ಲಿ ಶುರುವಾದ ವಿಜ್ಞಾನ ಕಲಿಕೆಯ ಕಾರ್ಯಕ್ರಮವೇ ಅವರನ್ನು ಈ ದಾರಿಗೆ ಎಳೆದದ್ದು. 2018ರಲ್ಲಿ ಪದ್ಮಶ್ರೀ ಬಂತು. ಅವರ ನೂರಾರು ಆಟಿಕೆಗಳ ವಿಡಿಯೋ ಇಂಟರ್ನೆಟ್ಟಿನಲ್ಲಿ ಪುಕ್ಕಟೆ ಸಿಗುತ್ತವೆ. ಐಡಿಯಾ ಇಲ್ಲ ಅನ್ನುವವರು ಅಲ್ಲಿ ಒಂದು ಸಂಜೆ ಕೂತರೆ ಒಂದು ವರ್ಷಕ್ಕೆ ಆಗುವಷ್ಟಿದೆ.

ಬೇಕಾದ್ದು: ಒಂದು ದೊಡ್ಡ ಟಾರ್ಚ್ ಸೆಲ್ಲು, ಎರಡು ಸೇಫ್ಟಿ ಪಿನ್ನು, ಸೈಕಲ್ ಟ್ಯೂಬಿನಿಂದ ಅಡ್ಡ ಕತ್ತರಿಸಿದ ಅಗಲದ ರಬ್ಬರ್ ಬ್ಯಾಂಡು, ಚಿಕ್ಕದೊಂದು ಕಪ್ಪು ಮ್ಯಾಗ್ನೆಟ್ಟು, ಒಂದೂಕಾಲು ಮೀಟರ್ ವೈಂಡಿಂಗ್ ವೈರು, ಬೆರಳಗಲದ ಉಪ್ಪು ಕಾಗದ. ವೈರು 24 ಅಥವಾ 26 ಗೇಜಿನದ್ದು ಇರಲಿ. ಯಾವ ವೈಂಡಿಂಗ್ ಅಂಗಡಿಯಲ್ಲಿ ಕೇಳಿದರೂ ತುಂಡು ವೈರು ಕೊಡುತ್ತಾರೆ, ಶಾಲೆಗೆ ಅಂದರೆ ದುಡ್ಡೂ ಕೇಳಲಿಕ್ಕಿಲ್ಲ. ಸುಟ್ಟ ಮೋಟಾರಿನಿಂದ ಬಿಚ್ಚಿದ ವೈರು ಮಾತ್ರ ಬೇಡ. ಅದರ ವಾರ್ನಿಷು ಅಲ್ಲಲ್ಲಿ ಹೋಗಿರುತ್ತದೆ.

ವೈರನ್ನು ಸೆಲ್ಲಿನ ಸುತ್ತ ಹತ್ತು ಸುತ್ತು ಸುತ್ತಿ, ಬಳೆಯ ಹಾಗೆ ಜಾರಿಸಿ ತೆಗೆಯುವುದು. ಎರಡೂ ತುದಿಯನ್ನು ಬಳೆಗೆ ಎದುರುಬದುರಾಗಿ ಎರಡು ಗಂಟು ಹಾಕಿ, ಬೆರಳುದ್ದ ಹೊರಗೆ ನೇರ ಚಾಚಿಸುವುದು. ಪಿನ್ನುಗಳನ್ನು ಸೆಲ್ಲಿನ ಎರಡೂ ಕಡೆ ರಬ್ಬರ್ ಬ್ಯಾಂಡಿನಿಂದ ಬಿಗಿದು, ಪಿನ್ನಿನ ತೂತಿನಲ್ಲಿ ಈ ಚಾಚಿದ ತುದಿಗಳನ್ನು ಕೂರಿಸುವುದು. ಕೆಳಗೆ ಸೆಲ್ಲಿನ ಬೆನ್ನ ಮೇಲೆ ಮ್ಯಾಗ್ನೆಟ್ಟು. ಬೆರಳಿನಿಂದ ಒಂದು ಸಣ್ಣ ತಳ್ಳು ಕೊಟ್ಟರೆ ಬಳೆ ತಿರುಗಬೇಕು.

ತಿರುಗುವುದಿಲ್ಲ. ಮೊದಲ ಸಲ ಯಾರದ್ದೂ ತಿರುಗುವುದಿಲ್ಲ ಅಂತಲೇ ಇಟ್ಟುಕೊಳ್ಳಿ. ಗುಟ್ಟೆಲ್ಲ ಇರುವುದು ಉಪ್ಪು ಕಾಗದದಲ್ಲಿ. ವೈಂಡಿಂಗ್ ವೈರಿಗೆ ಕಣ್ಣಿಗೆ ಕಾಣದ ಹಾಗೆ ವಾರ್ನಿಷಿನ ಕೋಟು ಇರುತ್ತದೆ. ಒಂದು ತುದಿಯಲ್ಲಿ ಅದನ್ನು ಸುತ್ತಲೂ ಉಜ್ಜಿ ತೆಗೆಯಬೇಕು. ಇನ್ನೊಂದು ತುದಿಯಲ್ಲಿ ಅರ್ಧ ಮಾತ್ರ. ಬಳೆಯನ್ನು ಮೇಜಿನ ಅಂಚಿಗೆ ನೆಟ್ಟಗೆ ನಿಲ್ಲಿಸಿ ಹಿಡಿದು, ತುದಿಯನ್ನು ಮೇಜಿನ ಮೇಲೆ ಮಲಗಿಸಿ, ಮೇಲ್ಮೈ ಮಾತ್ರ ಉಜ್ಜುವುದು. ಕೆಳಗಿನ ಅರ್ಧ ಹಾಗೇ ಇರಬೇಕು. ಉಜ್ಜಿದ ಕಡೆ ತಾಮ್ರ ಗುಲಾಬಿ ಬಣ್ಣಕ್ಕೆ ಹೊಳೆಯುತ್ತದೆ, ಉಜ್ಜದ ಕಡೆ ಕಂದು ಮಿರುಗು. ಮಕ್ಕಳಿಗೆ ಕಿಟಕಿಯ ಹತ್ತಿರ ಹಿಡಿದು ನೋಡಲು ಹೇಳಿ. ಮಳೆಗಾಲದ ಮಬ್ಬು ಕ್ಲಾಸಿನಲ್ಲಿ, ಕರೆಂಟೂ ಹೋಗಿದ್ದರೆ, ಬಾಗಿಲ ಹತ್ತಿರಕ್ಕೇ ಎಲ್ಲರನ್ನೂ ಕೂರಿಸಿಕೊಳ್ಳಿ.

ಈ ಹೊತ್ತಿಗೆ ನಾಲ್ಕೂ ಕಡೆಯಿಂದ "ಸಾರ್, ನಮ್ದು ತಿರುಗ್ತಿಲ್ಲ" ಶುರುವಾಗುತ್ತದೆ. ಆಗ ನಾನು ಕೈ ಹಿಂದೆ ಕಟ್ಟಿಕೊಳ್ಳುತ್ತೇನೆ. ನಿಜವಾಗಿಯೂ ಕಟ್ಟಿಕೊಳ್ಳುತ್ತೇನೆ, ಇಲ್ಲದಿದ್ದರೆ ಕಸುಬಿನ ಕೈ ತಡೆಯುವುದಿಲ್ಲ, ಮುಟ್ಟಿಬಿಡುತ್ತದೆ. ಬಾಯಲ್ಲಿ ಮಾತ್ರ ಕೇಳುತ್ತೇನೆ. ಅಂಗಡಿಯಲ್ಲಿ ಮೋಟಾರು ನೋಡುವ ಕ್ರಮವೇ ಇಲ್ಲಿಗೂ ಸರಿ: ಮೊದಲು ಸಪ್ಲೈ, ಆಮೇಲೆ ಕನೆಕ್ಷನ್ನು, ಕೊನೆಗೆ ಕಾಯಿಲು. ಸೆಲ್ಲು ಸತ್ತಿದೆಯಾ? ಪಕ್ಕದವರ ಸೆಲ್ಲು ಹಾಕಿ ನೋಡು. ಪಿನ್ನು ಸೆಲ್ಲಿಗೆ ತಾಗಿದೆಯಾ? ಉಜ್ಜಿದ್ದು ಸರಿ ಆಗಿದೆಯಾ? ತುದಿಗಳು ಒಂದೇ ಗೆರೆಯಲ್ಲಿ ಇವೆಯಾ, ಸೊಟ್ಟಗಿವೆಯಾ? ನಾಲ್ಕನೇ ಪ್ರಶ್ನೆ ಮುಗಿಯುವಷ್ಟರಲ್ಲಿ ಎಲ್ಲೋ ಒಂದು ಮೂಲೆಯಲ್ಲಿ ಒಬ್ಬ ಹುಡುಗಿಯದ್ದು ತಿರುಗಿಬಿಡುತ್ತದೆ. ಆಮೇಲೆ ನಿಮ್ಮನ್ನು ಯಾರೂ ಕೇಳುವುದಿಲ್ಲ, ಎಲ್ಲರೂ ಅವಳ ಹತ್ತಿರ ಓಡುತ್ತಾರೆ. ಬಳೆ ತಿರುಗದೆ ನಿಂತೇ ಇದ್ದರೆ ವೈರೂ ಸೆಲ್ಲೂ ಬಿಸಿಯಾಗುತ್ತವೆ, ಅದೊಂದನ್ನು ಗಮನಿಸಿ. ನೋಡಿ ಆದ ಕೂಡಲೇ ಬಳೆ ತೆಗೆದಿಡಲು ಹೇಳಿ.

ಎಲ್ಲರದ್ದೂ ತಿರುಗಿದ ಮೇಲೆ ನಿಜವಾದ ಪಾಠ. ಮ್ಯಾಗ್ನೆಟ್ಟು ಮಗುಚಿ ಹಾಕಿದರೆ? ಆ ಕಡೆಗೆ ತಿರುಗುತ್ತಿದ್ದದ್ದು ಈ ಕಡೆಗೆ ತಿರುಗುತ್ತದೆ. ಸೆಲ್ಲು ತಿರುವಿ ಹಾಕಿದರೆ? ಅದೂ ಹಾಗೇ. ಎರಡನ್ನೂ ತಿರುವಿದರೆ? ಮಾಡುವ ಮೊದಲು ಕೈ ಎತ್ತಿಸಿ, ಯಾರು ಯಾವ ಕಡೆ ಅಂತ ಬೋರ್ಡಿನಲ್ಲಿ ಬರೆಯಿರಿ. ಆಮೇಲೆ ಮಾಡಲಿ. ಕೊನೆಗೆ ಯಾರಾದರೂ ಕೇಳೇ ಕೇಳುತ್ತಾರೆ, "ಎಂತಕ್ಕೆ ಸಾರ್ ಒಂದು ಕಡೆ ಅರ್ಧ ಮಾತ್ರ?" ಉತ್ತರ ಕೊಡಬೇಡಿ. "ಪೂರ್ತಿ ಉಜ್ಜಿ ನೋಡು" ಅನ್ನಿ. ಪೂರ್ತಿ ಉಜ್ಜಿದರೆ ಬಳೆ ಸುತ್ತುವುದಿಲ್ಲ, ಅತ್ತಿತ್ತ ಅಲ್ಲಾಡಿ ನಿಲ್ಲುತ್ತದೆ. ಅರ್ಧ ಸುತ್ತು ಮುಂದಕ್ಕೆ ತಳ್ಳಿದ ಕರೆಂಟೇ ಉಳಿದರ್ಧದಲ್ಲಿ ಹಿಂದಕ್ಕೆ ಎಳೆಯುತ್ತದೆ. ಆ ಅರ್ಧದಲ್ಲಿ ಕರೆಂಟು ಕಟ್ ಆದರೆ ಬಳೆ ತನ್ನ ಓಟದಲ್ಲೇ ದಾಟಿಕೊಳ್ಳುತ್ತದೆ. ಇದನ್ನು ಮಕ್ಕಳೇ ಹೇಳುವ ತನಕ ಕಾಯಿರಿ, ಹತ್ತು ನಿಮಿಷ ಹೋದರೂ ಹೋಗಲಿ. ನಾನು ಹಳೆಯ ಮಿಕ್ಸಿಯ ಆರ್ಮೇಚರು (ಮೋಟಾರಿನೊಳಗೆ ತಿರುಗುವ ಭಾಗ), ಸವೆದ ಕಾರ್ಬನ್ ಬ್ರಷ್ಷು ಒಯ್ದಿರುತ್ತೇನೆ. ಅರ್ಧ ಉಜ್ಜಿದ ತುದಿ ಮಾಡುವ ಕೆಲಸವನ್ನೇ ಅಮ್ಮನ ಮಿಕ್ಸಿಯಲ್ಲಿ ಆ ತಾಮ್ರದ ಪಟ್ಟಿಗಳೂ ಬ್ರಷ್ಷೂ ಇನ್ನೂ ಅಚ್ಚುಕಟ್ಟಾಗಿ ಮಾಡುತ್ತವೆ. ಅದನ್ನು ಕೈಯಲ್ಲಿ ತಿರುಗಿಸಿ ನೋಡಿದ ಮೇಲೆ ಪುಸ್ತಕದ ಚಿತ್ರ ಟೀಚರ್ ತೋರಿಸಿದರೆ ಸಾಕು.

ಇದರ ಮುಂದಿನ ಕಂತು ಬೇರೆ ಶನಿವಾರಕ್ಕೆ. ಹಳೆ ಡಿವಿಡಿ ಪ್ಲೇಯರಿನ ಟ್ರೇ ತಳ್ಳುವ ಪುಟ್ಟ ಮೋಟಾರನ್ನು ಗೇರಿನ ಸಮೇತ ಬಿಚ್ಚಿ, ಎರಡು ವೈರಿಗೆ ಕೆಂಪು ಎಲ್‌ಇಡಿ ಹಚ್ಚಿ, ಗೇರನ್ನು ಜೋರಾಗಿ ತಿರುಗಿಸಿದರೆ ದೀಪ ಮಿನುಗುತ್ತದೆ. ಎಲ್‌ಇಡಿ ಹತ್ತದಿದ್ದರೆ ಉಲ್ಟಾ ಹಚ್ಚಿ. ಜೋಗದ ಕರೆಂಟು ತಯಾರಿಸುವ ಕೇಂದ್ರದಲ್ಲಿ 1948ರಿಂದ ನಡೆಯುತ್ತಿರುವುದೂ ಇದೇ, ಅಲ್ಲಿ ಗೇರು ತಿರುಗಿಸುವುದು ಶರಾವತಿ. 1964ರಲ್ಲಿ ಲಿಂಗನಮಕ್ಕಿ ಕಟ್ಟೆ ಆದಾಗ ಊರು ಬಿಟ್ಟು ಬಂದ ಮನೆಗಳ ಮೊಮ್ಮಕ್ಕಳು ನಮ್ಮ ಶಾಲೆಗಳಲ್ಲಿ ಈಗಲೂ ಇದ್ದಾರೆ. ಆ ಕಥೆ ಅವರು ಎತ್ತಿದರೆ ಎತ್ತಲಿ, ವಿಜ್ಞಾನದ ಪೀರಿಯಡ್ಡು ಅಂತ ತಡೆಯಬೇಡಿ.

ಮಳೆ ಅಳೆಯುವುದು

ಮೋಟಾರು, ವೈರು ಎಲ್ಲ ನಿಮಗೆ ಬಾರದಿದ್ದರೆ ಮಳೆ ಹಿಡಿಯಿರಿ. ಮಲೆನಾಡಿನಲ್ಲಿ ಇದಕ್ಕಿಂತ ಅಗ್ಗದ ಸಾಮಾನಿಲ್ಲ.

ಎರಡು ಲೀಟರಿನ ಕೂಲ್‌ಡ್ರಿಂಕ್ಸ್ ಬಾಟಲಿ ತೆಗೆದುಕೊಳ್ಳಿ. ಭುಜ ಮುಗಿದು ಮೈ ನೆಟ್ಟಗಾಗುವ ಕಡೆ ಕತ್ತರಿಸಿ, ಮೇಲಿನ ತುಂಡನ್ನು ಬೋರಲು ಹಾಕಿ ಆಲಿಕೆಯ ಹಾಗೆ ಅದರಲ್ಲೇ ಕೂರಿಸಿ. ಬಾಟಲಿಯ ತಳ ಉಬ್ಬುತಗ್ಗು ಇರುತ್ತದಲ್ಲ, ಅಲ್ಲಿ ಜಲ್ಲಿ ಹಾಕಿ ಮೈ ನೆಟ್ಟಗಾಗುವ ತನಕ ನೀರು ತುಂಬಿ. ಆ ನೀರಿನ ಮಟ್ಟವೇ ಸೊನ್ನೆ. ಅಲ್ಲಿಂದ ಮೇಲಕ್ಕೆ ಸ್ಕೇಲಿನ ಮಿಲಿಮೀಟರ್ ಗೆರೆಗಳನ್ನು ಕಾಗದದಲ್ಲಿ ಬರೆದು, ಮೇಲೆ ಸೆಲ್ಲೋಟೇಪು ಸುತ್ತಿ. ಬಾಯಿ ಎಷ್ಟು ಅಗಲವೋ ಮೈಯೂ ಅಷ್ಟೇ ಅಗಲ ಇರುವುದರಿಂದ ಬೇರೆ ಲೆಕ್ಕ ಬೇಡ, ಕಂಡದ್ದೇ ಮಳೆ. ಮಾಡಿನ ನೀರು ಬೀಳದ, ಮರದ ಹನಿ ತಾಗದ ಬಯಲಲ್ಲಿ ಗೂಟಕ್ಕೆ ಕಟ್ಟಿ. ಮಂಗಗಳು ಕಿತ್ತು ಹಾಕುತ್ತವೆ, ಅದಕ್ಕೆ ನನ್ನ ಹತ್ತಿರ ಉಪಾಯವಿಲ್ಲ. ಬದಲಿ ಬಾಟಲಿ ಒಂದು ಇಟ್ಟಿರಿ.

ದಿನಾ ಬೆಳಿಗ್ಗೆ ಎಂಟೂವರೆಗೆ ಓದುವುದು. ಹವಾಮಾನ ಇಲಾಖೆಯೂ ಹಿಂದಿನ ದಿನದ ಎಂಟೂವರೆಯಿಂದ ಈ ದಿನದ ಎಂಟೂವರೆ ತನಕ ಬಿದ್ದದ್ದನ್ನೇ ಒಂದು ದಿನದ ಮಳೆ ಅನ್ನುತ್ತದೆ. ಒಂದೇ ಗಂಟೆಗೆ ಓದಿದರೆ ಪೇಪರಿನ ಲೆಕ್ಕದ ಪಕ್ಕ ನಮ್ಮದನ್ನೂ ಇಡಬಹುದು. ಶಾಲೆಗೆ ಹತ್ತಿರದ ಮನೆಯ ಮಗುವಿಗೆ ಈ ಜವಾಬ್ದಾರಿ ಕೊಡಿ. ಜೋರು ಮಳೆಯ ದಿನ ಈ ಬಾಟಲಿ ತುಂಬಿ ಚೆಲ್ಲಿಬಿಡುತ್ತದೆ, ಅಂಥ ದಿನ ಸಂಜೆಯೂ ಒಮ್ಮೆ ಓದಿ ಖಾಲಿ ಮಾಡಿ, ಎರಡನ್ನೂ ಕೂಡಿಸಬೇಕು. ಖಾಲಿ ಮಾಡುವಾಗ ಸೊನ್ನೆ ಗೆರೆ ತನಕ ನೀರು ಬಿಡಲು ಮರೆಯಬಾರದು.

ಲೆಕ್ಕ ಇಲ್ಲಿಂದ ತಾನಾಗಿ ಹುಟ್ಟುತ್ತದೆ. ಒಂದು ಚದರ ಮೀಟರ್ ಜಾಗದ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಒಂದು ಲೀಟರ್ ನೀರು. ಶಾಲೆಯ ಮಾಡು ಹತ್ತು ಮೀಟರ್ ಉದ್ದ, ಆರು ಮೀಟರ್ ಅಗಲ ಇದೆ ಅಂತಿಟ್ಟುಕೊಳ್ಳಿ. 100 ಮಿ.ಮೀ. ಬಿದ್ದ ದಿನ ಆ ಮಾಡಿನಿಂದ ಇಳಿದ ನೀರು 6,000 ಲೀಟರ್. ಸಾವಿರ ಲೀಟರಿನ ಟ್ಯಾಂಕು ಎಷ್ಟು ತುಂಬುತ್ತಿತ್ತು? ಬೇಸಿಗೆಯಲ್ಲಿ ಅದೇ ಶಾಲೆಯ ಬಾವಿ ಬತ್ತುವುದು ಮಕ್ಕಳಿಗೆ ಗೊತ್ತು. ಅಲ್ಲಿಂದ ಮುಂದಿನ ಪ್ರಶ್ನೆ ಅವರೇ ಕೇಳುತ್ತಾರೆ. ಟಿವಿಯಲ್ಲಿ ಬರುವ "ಭಾರಿ ಮಳೆ" ಅಂದರೆ ದಿನಕ್ಕೆ 64.5 ಮಿ.ಮೀ. ದಾಟಿದ್ದು, 115.6 ಆದರೆ ಅತಿ ಭಾರಿ ಅನ್ನುವ ಲೆಕ್ಕವನ್ನೂ ಬೋರ್ಡಿನ ಮೂಲೆಯಲ್ಲಿ ಬರೆಸಿ. ರಜೆ ಕೊಡಬೇಕಿತ್ತೋ ಬೇಡವೋ ಅಂತ ನಮ್ಮ ಮಕ್ಕಳು ಬಾಟಲಿ ನೋಡಿ ತೀರ್ಪು ಕೊಡುವುದನ್ನು ಕೇಳಬೇಕು ನೀವು.

ನನಗೆ ತುಂಬ ಇಷ್ಟವಾದ ಭಾಗ ಇನ್ನೊಂದಿದೆ. ಮನೆಯ ಹಿರಿಯರು ಮಳೆಯನ್ನು ತಿಂಗಳಿನ ಲೆಕ್ಕದಲ್ಲಿ ಹೇಳುವುದಿಲ್ಲ, ನಕ್ಷತ್ರದ ಲೆಕ್ಕದಲ್ಲಿ ಹೇಳುತ್ತಾರೆ. ಜೂನ್ 22ರ ಹೊತ್ತಿಗೆ ಆರಿದ್ರಾ, ಜುಲೈ ಮೊದಲ ವಾರ ಪುನರ್ವಸು, ಜುಲೈ 20ರ ಹೊತ್ತಿಗೆ ಪುಷ್ಯ, ಆಗಸ್ಟ್ ಶುರುವಿಗೆ ಆಶ್ಲೇಷ. ಒಂದೊಂದೂ ಹದಿಮೂರು, ಹದಿನಾಲ್ಕು ದಿನ. ಮಕ್ಕಳು ಮನೆಯಲ್ಲಿ ಅಜ್ಜ ಅಜ್ಜಿಯನ್ನು ಕೇಳಿ ಬರಲಿ: ಯಾವ ಮಳೆ ಜೋರು, ಯಾವುದು ಗಾಳಿಯ ಮಳೆ, ಯಾವುದು ಕೈ ಕೊಡುತ್ತದೆ? ಅದನ್ನು ಮೊದಲೇ ಬರೆದಿಟ್ಟು, ಆಮೇಲೆ ಬಾಟಲಿಯ ಅಂಕಿಗಳನ್ನು ನಕ್ಷತ್ರವಾರು ಕೂಡಿಸಿ ಪಕ್ಕದಲ್ಲಿಡಿ. ಅಜ್ಜ ಗೆಲ್ಲುತ್ತಾರಾ, ಬಾಟಲಿ ಗೆಲ್ಲುತ್ತದಾ? ಒಂದು ವರ್ಷದ ಅಂಕಿ ಸಾಲದು ಅನ್ನುವುದನ್ನೂ ಮಕ್ಕಳೇ ಹೇಳುತ್ತಾರೆ. ಕೆಲವು ಅಡಿಕೆ ತೋಟದ ಮನೆಗಳಲ್ಲಿ ಹಳೆಯ ಮಳೆ ಪುಸ್ತಕಗಳಿವೆ, ಇಂಚಿನ ಲೆಕ್ಕದಲ್ಲಿ. ಒಂದು ಇಂಚಿಗೆ 25.4 ಮಿ.ಮೀ. ಹಿಡಿದು ಬದಲಾಯಿಸಿಕೊಂಡರೆ ಹತ್ತಾರು ವರ್ಷಗಳ ಲೆಕ್ಕ ಕೈಗೆ ಸಿಗುತ್ತದೆ.

ಆಗುಂಬೆ ಕಡೆ ಒಬ್ಬರು, ತೀರ್ಥಹಳ್ಳಿಯಲ್ಲಿ ಒಬ್ಬರು, ಶಿವಮೊಗ್ಗದಲ್ಲಿ ಒಬ್ಬರು ಸ್ನೇಹಿತರು ಸೇರಿಕೊಂಡರೆ ಮೂರು ಶಾಲೆಯ ಅಂಕಿಗಳನ್ನು ಫೋನಿನಲ್ಲಿ ಬದಲಾಯಿಸಿಕೊಳ್ಳಬಹುದು. ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7,000 ಮಿ.ಮೀ. ದಾಟುತ್ತದೆ, ಶಿವಮೊಗ್ಗ ಪೇಟೆಯಲ್ಲಿ ಅದರ ಕಾಲು ಭಾಗವೂ ಇಲ್ಲ. ಬಸ್ಸಿನಲ್ಲಿ ಎರಡು ಮೂರು ಗಂಟೆಯ ದಾರಿ ಅಷ್ಟೇ. ಕಡಲಿಂದ ಬಂದ ಮೋಡ ಘಟ್ಟಕ್ಕೆ ಡಿಕ್ಕಿ ಹೊಡೆದು ಮೇಲೇರಿ, ತಣ್ಣಗಾಗಿ, ಅಲ್ಲೇ ಸುರಿದು ಹಗುರಾಗುತ್ತದೆ ಅನ್ನುವುದಕ್ಕೆ ಮಕ್ಕಳ ಅಂಕಿಗಳೇ ಸಾಕ್ಷಿ.

ಅಡಿಕೆ ಮನೆಯ ರಸಾಯನ

ಮೈಲುತುತ್ತ (ತಾಮ್ರದ ಸಲ್ಫೇಟು), ಸುಣ್ಣ, ನೂರು ಲೀಟರ್ ನೀರು. ಮೊದಲೆರಡು ಒಂದೊಂದು ಕೆಜಿ. ನಮ್ಮ ಮಕ್ಕಳಿಗೆ ಇದನ್ನು ಯಾರೂ ಕಲಿಸಬೇಕಿಲ್ಲ, ಕೊಳೆ ಔಷಧಿ ಹೊಡೆಯುವ ದಿನ ಡ್ರಮ್ಮು ಕಲಕುವವರು ಅವರೇ. ಇದೇ ಬೋರ್ಡೋ ದ್ರಾವಣ, 1885ರ ಹೊತ್ತಿಗೆ ಫ್ರಾನ್ಸಿನ ಬೋರ್ಡೋದಲ್ಲಿ ದ್ರಾಕ್ಷಿಗೆ ಬಳಕೆಗೆ ಬಂದದ್ದು. 1910ರ ಸುಮಾರಿಗೆ ಮೈಸೂರು ಸಂಸ್ಥಾನದಲ್ಲಿದ್ದ ಕೆನಡಾದ ವಿಜ್ಞಾನಿ ಲೆಸ್ಲಿ ಕೋಲ್ಮನ್ ಅಡಿಕೆಯ ಕೊಳೆರೋಗವನ್ನು ಅಧ್ಯಯನ ಮಾಡಿ ಇದನ್ನು ತೋಟಕ್ಕೆ ತಂದರು.

ಔಷಧಿ ಹದ ನೋಡುವಾಗ ದೊಡ್ಡವರು ಒಂದು ಕೆಲಸ ಮಾಡುತ್ತಾರೆ. ಹೊಳೆಯುವ ಕಬ್ಬಿಣದ ಕತ್ತಿಯನ್ನು ಅದರಲ್ಲಿ ಸ್ವಲ್ಪ ಹೊತ್ತು ಅದ್ದಿ ತೆಗೆಯುತ್ತಾರೆ. ಕೆಂಪು ಕೂತರೆ ಸುಣ್ಣ ಸಾಲದು ಅಂತ ಅರ್ಥ. ಆ ಕೆಂಪು ಏನು? ತಾಮ್ರ. ಕಬ್ಬಿಣ ಕರಗಿ ನೀರಿಗೆ ಹೋಗುತ್ತದೆ, ನೀರಿನಲ್ಲಿದ್ದ ತಾಮ್ರ ಅದರ ಜಾಗಕ್ಕೆ ಬಂದು ಕೂರುತ್ತದೆ. ಹತ್ತನೇ ಕ್ಲಾಸಿನ ವಿಜ್ಞಾನದ ಮೊದಲ ಪಾಠದಲ್ಲಿ ಇದೇ ಇದೆ, ಮೊಳೆಯ ಲೆಕ್ಕದಲ್ಲಿ. ಹೈಸ್ಕೂಲಿನಲ್ಲಾದರೆ ಪ್ಲಾಸ್ಟಿಕ್ ಲೋಟದಲ್ಲಿ ಚಿಟಿಕೆ ಮೈಲುತುತ್ತ ಕರಗಿಸಿ, ಉಪ್ಪು ಕಾಗದದಿಂದ ಉಜ್ಜಿದ ಮೊಳೆಗೆ ದಾರ ಕಟ್ಟಿ ಇಳಿಬಿಡಿಸಿ. ಕಾಲು ಗಂಟೆ ಸಾಕು. ಆಮೇಲೆ ಕೇಳಿ: ಔಷಧಿಯನ್ನು ಕಬ್ಬಿಣದ ಡ್ರಮ್ಮಿನಲ್ಲಿ ಯಾಕೆ ಮಾಡುವುದಿಲ್ಲ? ಎಂಟನೇ ಕ್ಲಾಸಿಗಿಂತ ಕೆಳಗಿನವರಿಗೆ ಮೈಲುತುತ್ತ ಕೊಡಬೇಡಿ, ಅದು ವಿಷವೇ. ಮುಟ್ಟಿದ ಮೇಲೆ ಎಲ್ಲರೂ ಸೋಪು ಹಾಕಿ ಕೈ ತೊಳೆಯಬೇಕು, ಬಿಸಿಯೂಟಕ್ಕೆ ಕೂರುವ ಮೊದಲಂತೂ ಖಂಡಿತ. ಉಳಿದದ್ದನ್ನು ಚರಂಡಿಗೆ ಚೆಲ್ಲದೆ ಬಾಟಲಿಗೆ ತುಂಬಿಕೊಂಡು ಬಂದು ಯಾರದಾದರೂ ತೋಟದ ಡ್ರಮ್ಮಿಗೆ ಸೇರಿಸಿ.

ಚಿಕ್ಕವರಿಗೆ ಚೊಗರು ಇದೆ. ಅಡಿಕೆ ಬೇಯಿಸಿದ ನೀರು, ಸುಗ್ಗಿಯಲ್ಲಿ ಯಾರ ಮನೆಯಲ್ಲಾದರೂ ಒಂದು ಬಾಟಲಿ ಸಿಗುತ್ತದೆ. ಅದನ್ನು ನೀರು ಮಾಡಿ, ತುಕ್ಕು ಹಿಡಿದ ಮೊಳೆಯನ್ನು ಒಂದು ರಾತ್ರಿ ಹಾಕಿಟ್ಟರೆ ಕಡುಕಪ್ಪಾಗುತ್ತದೆ. ಚೊಗರಿನ ಟ್ಯಾನಿನ್ನೂ ಕಬ್ಬಿಣವೂ ಸೇರಿ ಆದ ಶಾಯಿ ಅದು, ಹಿಂದಿನ ಕಾಲದವರು ಬರೆಯುತ್ತಿದ್ದದ್ದು ಇಂಥದ್ದೇ ಶಾಯಿಯಲ್ಲಿ. ಕಡ್ಡಿ ಅದ್ದಿ ಹೆಸರು ಬರೆಯಲಿ. ಅದರ ಮೇಲೆ ನಿಂಬೆರಸ ಬಿಟ್ಟರೆ ಕಪ್ಪು ಮಾಸುತ್ತದೆ. ಅಡಿಕೆ ಸುಲಿದು ಕಪ್ಪಾದ ಕೈಗೆ ಅಮ್ಮ ನಿಂಬೆಹಣ್ಣು ಉಜ್ಜುವುದು ಯಾಕೆ ಅಂತ ಅಲ್ಲೇ ಯಾರಾದರೂ ಹೇಳುತ್ತಾರೆ.

ಕಟ್ಟುನಿಟ್ಟಿನ ವಿಷಯ

ಗೋಡೆಯ ಪ್ಲಗ್ಗಿನ ಕರೆಂಟು ಯಾವ ಪ್ರಯೋಗಕ್ಕೂ ಬೇಡ. ನಾನು ದಿನವಿಡೀ ಅದರಲ್ಲೇ ಕೆಲಸ ಮಾಡುವವನು, ಹಾಗಾಗಿಯೇ ಹೇಳುತ್ತಿದ್ದೇನೆ. ಸೆಲ್ಲು ಸಾಕು. ಬೆಳ್ಳಗೆ ಹೊಳೆಯುವ ಪುಟ್ಟ ಮ್ಯಾಗ್ನೆಟ್ಟು, ವಾಚಿನ ಬಟನ್ ಸೆಲ್ಲು ಶಾಲೆಗೆ ಒಯ್ಯಲೇಬೇಡಿ. ಮಗು ಎರಡು ಮ್ಯಾಗ್ನೆಟ್ ನುಂಗಿದರೆ ಅವು ಹೊಟ್ಟೆಯೊಳಗೆ ಕರುಳನ್ನು ಹಿಡಿದು ಅಂಟಿಕೊಳ್ಳುತ್ತವೆ. ಬೆಂಕಿ ಇದ್ದರೆ ಟೀಚರ್ ಪಕ್ಕದಲ್ಲೇ ಇರಬೇಕು. ನಿಜ ಹೇಳಬೇಕೆಂದರೆ ಬೆಂಕಿ ಇಲ್ಲದಿದ್ದರೂ ಟೀಚರ್ ಇರಬೇಕು. ಅವರನ್ನು ಆಫೀಸ್ ಕೆಲಸಕ್ಕೆ ಕಳಿಸಿ ನೀವೊಬ್ಬರೇ ಕ್ಲಾಸು ತೆಗೆದುಕೊಳ್ಳಬೇಡಿ.

ಎಲೆ, ಹುಳ ನೋಡಲು ಕಾಡಿಗೆ ಕರೆದುಕೊಂಡು ಹೋಗುವ ಆಸೆ ಎಲ್ಲರಿಗೂ ಇರುತ್ತದೆ. ಮಳೆಗಾಲದಲ್ಲಿ ಉಂಬಳ (ಜಿಗಣೆ), ಅದನ್ನು ನಮ್ಮ ಮಕ್ಕಳು ಲೆಕ್ಕಕ್ಕೇ ಇಡುವುದಿಲ್ಲ. ಆದರೆ ಡಿಸೆಂಬರಿನಿಂದ ಮೇ ತನಕ ಉಣುಗಿನ (ಉಣ್ಣೆ ಹುಳದ) ಕಾಲ. ಮಂಗನ ಕಾಯಿಲೆ 1957ರಲ್ಲಿ ಮೊದಲು ಗುರುತಾದದ್ದೇ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ, ಹರಡುವುದು ಉಣುಗು ಕಚ್ಚಿ. ಆ ತಿಂಗಳುಗಳಲ್ಲಿ ದರಗಿನ (ಒಣ ಎಲೆಯ) ರಾಶಿಯಲ್ಲಿ ಮಕ್ಕಳನ್ನು ಕೂರಿಸಬೇಡಿ. ಹತ್ತಿರದಲ್ಲಿ ಮಂಗ ಸತ್ತ ಸುದ್ದಿ ಇದ್ದರೆ ಶಾಲೆಯ ಅಂಗಳ ದಾಟುವುದೇ ಬೇಡ, ಆಶಾ ಕಾರ್ಯಕರ್ತೆಯರನ್ನು ಕೇಳಿದರೆ ಹೇಳುತ್ತಾರೆ.

ಫೋಟೋ ಬಗ್ಗೆ ನನ್ನದು ಸ್ವಲ್ಪ ಒರಟು ಅಭಿಪ್ರಾಯ. ಬ್ಯಾನರು ಕಟ್ಟಿ, ಮಕ್ಕಳನ್ನು ಸಾಲಾಗಿ ನಿಲ್ಲಿಸಿ ಫೋಟೋ ತೆಗೆಸಿಕೊಳ್ಳಲು ಅರ್ಧ ಗಂಟೆ ಹೋಗುತ್ತದೆ. ಮಕ್ಕಳ ಮುಖ ಕೇಳದೆ ಎಲ್ಲೂ ಹಾಕಬೇಡಿ. ನೆನಪಿಗೆ ಬೇಕಿದ್ದರೆ ಕೈಗಳ ಫೋಟೋ ತೆಗೆದುಕೊಳ್ಳಿ.

ಬರುವಾಗ ಬಿಟ್ಟು ಬರುವುದು

ನೀವು ಹೋದ ಮೇಲೆ ಆ ಕೆಲಸ ಇನ್ನೊಮ್ಮೆ ನಡೆಯಬೇಕಾದರೆ ಟೀಚರಿಗೆ ಅದು ಬರಬೇಕು. ಹಿಂದಿನ ಸಂಜೆಯೇ ಫೋನ್ ಮಾಡಿ, ಹತ್ತು ನಿಮಿಷ ಬೇಗ ಹೋಗಿ, ಮೊದಲ ಸೆಟ್ಟನ್ನು ಅವರ ಕೈಯಲ್ಲೇ ಮಾಡಿಸಿ. ಅವರದ್ದೂ ಮೊದಲು ತಿರುಗುವುದಿಲ್ಲ. "ಅಯ್ಯೋ ಮಾರಾಯ್ರೆ, ನಂಗೆ ಇದೆಲ್ಲ ಬರಲ್ಲ" ಅನ್ನುತ್ತಾರೆ. ಸಪ್ಲೈ, ಕನೆಕ್ಷನ್ನು, ಕಾಯಿಲು ಅಂತ ಅವರಿಗೂ ಅದೇ ಪ್ರಶ್ನೆ ಕೇಳಿ, ಮುಟ್ಟಬೇಡಿ.

ಆಮೇಲೆ ಒಂದು ಹಳೆಯ ಬಿಸ್ಕತ್ತಿನ ಡಬ್ಬಿಯಲ್ಲಿ ಇನ್ನೊಂದು ಕ್ಲಾಸಿಗೆ ಆಗುವಷ್ಟು ವೈರು, ಪಿನ್ನು, ಮ್ಯಾಗ್ನೆಟ್ಟು, ರಬ್ಬರು, ಉಪ್ಪು ಕಾಗದ ತುಂಬಿ, ಮುಚ್ಚಳದ ಒಳಗೆ ಮಾಡುವ ಕ್ರಮವನ್ನು ದಪ್ಪ ಅಕ್ಷರದಲ್ಲಿ ಬರೆದು ಅಂಟಿಸಿ ಕೊಟ್ಟು ಬನ್ನಿ. ಅದನ್ನು ಸ್ಟಾಕ್ ರಿಜಿಸ್ಟರಿಗೆ ಏರಿಸಬೇಡಿ ಅಂತ ನಗುತ್ತಲೇ ಹೇಳಿ. ಸೆಲ್ಲುಗಳನ್ನು ಮಾತ್ರ ಡಬ್ಬಿಯಲ್ಲಿ ಬಿಡಬೇಡಿ. ನಮ್ಮ ಮಳೆಗಾಲದ ತಂಪಿನಲ್ಲಿ ಅವು ಸೋರಿ, ಪಿನ್ನು ಮ್ಯಾಗ್ನೆಟ್ಟು ಎಲ್ಲಕ್ಕೂ ಹಸಿರು ಬಿಳಿ ಹುಡಿ ಹಿಡಿಸಿ ಹಾಕುತ್ತವೆ. ಬೇರೆ ಕವರಿನಲ್ಲಿ ಕಟ್ಟಿ ಮೇಜಿನ ಡ್ರಾಯರಿನಲ್ಲಿ ಇಡಲು ಹೇಳಿ, ಮುಂದಿನ ಸಲ ಹೋಗುವಾಗ ನಾಲ್ಕು ಹೊಸ ಸೆಲ್ಲು ಜೇಬಿನಲ್ಲಿರಲಿ.